ಒಂದು ಈಡಿನ ಅಳತೆ

ಪಿರಿಯಾಪಟ್ಟಣದ ಒಳಕೋಟೆಗೆ ನಡುಹಗಲಲ್ಲೂ ಒಬ್ಬಂಟಿಯಾಗಿ ಕಾಲಿಡುವುದು ಅಪಾಯ ಎಂದು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಟಿಪ್ಪು ಸುಲ್ತಾನನ ಪತನದ ನಂತರ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ವೈದ್ಯ ಆತ. ಆಗ ಒಳಕೋಟೆಯಲ್ಲಿ ಜನವಸತಿಯೇ ಇರಲಿಲ್ಲ. ಪಾಳು ಗೋಡೆಗಳ ನಡುವೆ ಹುಲಿಗಳು ಸಂಸಾರ ಹೂಡಿದ್ದವು. ಆತ ಬರುವುದಕ್ಕೆ ಕೆಲವೇ ರಾತ್ರಿಗಳ ಹಿಂದೆ ದಾರಿತಪ್ಪಿ ಒಳಹೊಕ್ಕ ಕುದುರೆಯೊಂದು ಅವುಗಳ ಬಾಯಿಗೆ ಬಿದ್ದಿತ್ತು.

ಊರು ಹೀಗೆ ಹಾಳಾದದ್ದು ಯುದ್ಧಗಳಿಂದ. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಕೊಡಗಿನ ದಾರಿಯಾಗಿ ಬರುತ್ತಿದೆ ಎಂದು ತಿಳಿದಾಗ, ಶತ್ರುವಿಗೆ ನೆಲೆಯಾಗದಿರಲೆಂದು ಟಿಪ್ಪುವೇ ಪಟ್ಟಣವನ್ನು ಹಾಳುಗೆಡವಿಸಿದ. ಎಂಟು ವರ್ಷಗಳ ನಂತರ, 1799ರ ಮಾರ್ಚ್ 6ರಂದು, ಇಲ್ಲಿಂದ ಕೊಡಗಿನ ಕಡೆಗಿರುವ ಸಿದ್ದೇಶ್ವರ ಬೆಟ್ಟದ ಬಳಿ ಟಿಪ್ಪುವಿನ ಪಡೆಗೂ ಮುಂಬಯಿ ಸೈನ್ಯಕ್ಕೂ ಮತ್ತೆ ಕಾದಾಟ ನಡೆಯಿತು. ಕೊಡಗಿನ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಪಕ್ಷದಲ್ಲಿದ್ದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಶ್ರೀರಂಗಪಟ್ಟಣ ಬಿತ್ತು.

ಇಷ್ಟೊಂದು ಮದ್ದುಗುಂಡು ಸುಟ್ಟ ನೆಲದಲ್ಲಿ, ಮರುವರ್ಷವೇ ಜನ ಹುಲಿಗೆ ಹೆದರಿ ಸ್ವಂತ ಕೋಟೆಯೊಳಗೆ ಹೋಗುವಂತಿರಲಿಲ್ಲ! ಸೈನ್ಯದ ಕೋವಿಗೂ ಬೇಟೆಯ ಕೋವಿಗೂ ಇರುವ ವ್ಯತ್ಯಾಸ ತಿಳಿದರೆ ಇದರಲ್ಲಿ ಅಚ್ಚರಿ ಕಾಣಿಸುವುದಿಲ್ಲ. ಆಗಿನ ಸಿಪಾಯಿಯ ಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತಿತ್ತು. ಬೇಗ ತುಂಬಲು ಅನುಕೂಲವಾಗಲೆಂದು ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದಿರುತ್ತಿತ್ತು. ಅದು ನಳಿಗೆಯೊಳಗೆ ಅತ್ತಿತ್ತ ಬಡಿದುಕೊಂಡು ಹೊರಬಿದ್ದರೆ ನೂರು ಹೆಜ್ಜೆಯಾಚೆ ಎಲ್ಲಿಗೆ ಹೋಗುತ್ತದೆಂದು ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲ. ಸಾಲಾಗಿ ನಿಂತ ಐನೂರು ಮಂದಿ ಎದುರಿನ ಐನೂರು ಮಂದಿಯ ಮೇಲೆ ಹಾರಿಸುವಾಗ ಇದು ದೊಡ್ಡ ಕೊರತೆಯಲ್ಲ. ಒಬ್ಬನದು ತಪ್ಪಿದರೆ ಪಕ್ಕದವನದು ತಾಗುತ್ತದೆ. ಹುಲಿಯ ಮುಂದೆ ನಿಂತವನಿಗೆ ಪಕ್ಕದವನಿಲ್ಲ.

ಆದ್ದರಿಂದಲೇ ಮೈಸೂರು ಸೀಮೆಯ ಹಳ್ಳಿಗರು ಬಹುಕಾಲ ಹುಲಿಯನ್ನು ಬಲೆಯಿಂದಲೇ ಹಿಡಿದರು. ಹುಲಿ ಮಲಗಿದ ಪೊದೆಯ ಸುತ್ತ ದಪ್ಪ ಹಗ್ಗದ ಬಲೆ ಕಟ್ಟಿ, ತಮಟೆ ಬಡಿದು ಎಬ್ಬಿಸಿ, ಬಲೆಗೆ ಬಿದ್ದದ್ದನ್ನು ಈಟಿಯಿಂದ ತಿವಿಯುತ್ತಿದ್ದರು. ಊರಿಗೆ ಊರೇ ಸೇರಿ ಮಾಡುವ ಕೆಲಸ ಅದು. ಅದರ ಜಾಗಕ್ಕೆ ಒಬ್ಬನೇ ಹೊತ್ತೊಯ್ಯುವ ಕೋವಿ ಬರಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕಿತ್ತು. ಎಷ್ಟು ಮದ್ದಿಗೆ ಎಷ್ಟು ಗುಂಡು?

ಬೆರಳಿನ ಲೆಕ್ಕ

ಕೋವಿಯವರ ಭಾಷೆಯಲ್ಲಿ ಒಂದು ಸಲಕ್ಕೆ ತುಂಬುವ ಮದ್ದುಗುಂಡಿಗೆ ‘ಈಡು’ ಎನ್ನುತ್ತಾರೆ. ಹೊಡೆತಕ್ಕೂ ಅದೇ ಹೆಸರು. ಪುತ್ತೂರು ಸೀಮೆಯ ಬೇಟೆಗಾರ ಲೇಖಕ ಕೆದಂಬಾಡಿ ಜತ್ತಪ್ಪ ರೈಗಳ ಒಂದು ಪುಸ್ತಕದ ಹೆಸರೇ ‘ಈಡೊಂದು ಹುಲಿಯೆರಡು’. ಕನ್ನಡದಲ್ಲಿ ಈಡು ಎಂದರೆ ಸಮ, ಸಾಟಿ ಎಂದೂ ಅರ್ಥ. ಒತ್ತೆಯಿಟ್ಟದ್ದೂ ಈಡೇ. ಇವೆಲ್ಲ ಒಂದೇ ಬೇರಿನಿಂದ ಬಂದವೋ ಬೇರೆ ಬೇರೆಯೋ ಎಂಬುದನ್ನು ನಿಘಂಟುಕಾರರಿಗೆ ಬಿಡೋಣ. ಆದರೆ ಮದ್ದು ಗುಂಡಿಗೆ ಈಡಾಗಿರಬೇಕು, ಎರಡೂ ನಳಿಗೆಗೆ ಈಡಾಗಿರಬೇಕು ಎನ್ನುವುದರಲ್ಲಿ ಕೋವಿವಿದ್ಯೆಯ ಅರ್ಧ ಭಾಗ ಅಡಗಿದೆ.

ಕೇಪಿನ ಕೋವಿಯನ್ನು ಬಾಯಿಯ ಕಡೆಯಿಂದ ತುಂಬಬೇಕು. ಮೊದಲು ಮದ್ದು ಸುರಿದು, ಮೇಲೆ ತೆಂಗಿನ ನಾರನ್ನೋ ಬಟ್ಟೆಚೂರನ್ನೋ ಇಟ್ಟು ಗಜದಿಂದ ಗಿಡಿಯುವುದು. ಆಮೇಲೆ ಗುಂಡು ಅಥವಾ ಚರೆ, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂಬದಿಯ ತೂತಿನ ಮೇಲೆ ಕೇಪು. ಈಡು ಎಷ್ಟಾಯಿತೆಂದು ನೋಡಲು ತಕ್ಕಡಿ ಇಲ್ಲ. ಗಜವನ್ನು ಒಳಗೆ ಬಿಟ್ಟಾಗ ಅದು ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗುಳಿಯಿತು ಎಂಬುದೇ ಅಳತೆ. ಹಕ್ಕಿಗೆ ಇಷ್ಟು ಬೆರಳು, ಹಂದಿಗೆ ಇಷ್ಟು ಬೆರಳು ಎಂಬ ಲೆಕ್ಕ ಅಪ್ಪನಿಂದ ಮಗನಿಗೆ ಬರುತ್ತಿತ್ತು.

ಬೆರಳಿನ ಲೆಕ್ಕವನ್ನು ಹಗುರವಾಗಿ ನೋಡಬೇಕಾಗಿಲ್ಲ. ಒಂದೇ ಕೋವಿ, ಒಂದೇ ಕೈ, ಒಂದೇ ಮದ್ದು ಇದ್ದಷ್ಟು ದಿನ ಅದು ಸರಿಯಾಗಿಯೇ ನಡೆಯುತ್ತದೆ. ಕೋವಿ ಬೇರೆಯವರ ಕೈಗೆ ಹೋದಾಗ ಬೆರಳು ದಪ್ಪವಾಗುತ್ತದೆ. ಮದ್ದು ಬೇರೆ ಕಡೆಯಿಂದ ಬಂದಾಗ ಅದರ ಕಸುವು ಬದಲಾಗುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ತೇವವನ್ನು ಹೀರುತ್ತದೆ. ಆಷಾಢದ ಮಳೆ ಹಿಡಿದಾಗ ಕೊಡಗಿನಂಚಿನ ಊರುಗಳಲ್ಲಿ ಒಲೆಯ ಪಕ್ಕದ ಬಟ್ಟೆಯೂ ಒಣಗುವುದಿಲ್ಲ. ಬೇಸಿಗೆಯಲ್ಲಿ ಸರಿಯಾಗಿದ್ದ ಈಡು ಆ ಹೊತ್ತಿನಲ್ಲಿ ಹುಸ್ಸೆನ್ನುತ್ತದೆ. ಕಡಿಮೆಯಾಯಿತೆಂದು ಇನ್ನೊಂದು ಬೆರಳು ಹೆಚ್ಚಿಸಿದವನು, ಒಣಗಿದ ಮದ್ದು ಸಿಕ್ಕ ದಿನವೂ ಅಷ್ಟೇ ತುಂಬಿದರೆ ನಳಿಗೆಯೇ ಸೀಳಬಹುದು. ಗುಂಡನ್ನು ಪೂರ್ತಿ ಕೆಳಗೆ ಗಿಡಿಯದೆ ನಡುವೆ ತೆರಪು ಉಳಿದರೂ ಅದೇ ಗತಿ. ಕೋವಿ ಸಿಡಿದರೆ ಮೊದಲು ಹೋಗುವುದು ನಳಿಗೆಯನ್ನು ಹಿಡಿದ ಎಡಗೈ.

ವೇಗವನ್ನು ಅಳೆದವನು

ಮದ್ದು ಹೆಚ್ಚಿಸಿದರೆ ಗುಂಡಿನ ವೇಗ ಎಷ್ಟು ಹೆಚ್ಚುತ್ತದೆ ಎಂಬುದನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಆತ ವಿವರಿಸಿದ ಉಪಾಯ ಸರಳ. ಭಾರವಾದ ಮರದ ದಿಮ್ಮಿಯನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ದಿಮ್ಮಿಯಲ್ಲಿ ಹೂತುಕೊಂಡಾಗ ದಿಮ್ಮಿ ಹಿಂದಕ್ಕೆ ತೂಗುತ್ತದೆ. ಎಷ್ಟು ದೂರ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದು. ಗಾಳಿಯ ತಡೆ ಅದುವರೆಗೆ ಎಲ್ಲರೂ ತಿಳಿದದ್ದಕ್ಕಿಂತ ಬಹಳ ಹೆಚ್ಚು ಎಂಬುದು ಇದರಿಂದ ಬಯಲಾಯಿತು. ಗುಂಡು ದಾರಿ ಬಿಡುವುದು ಅದರ ಅಡ್ಡಾದಿಡ್ಡಿ ತಿರುಗುವಿಕೆಯಿಂದ, ನಳಿಗೆಯೊಳಗೆ ಸುರುಳಿ ಗೀರು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಟ್ಟರೆ ಅದು ನೇರ ಹೋಗುತ್ತದೆ ಎಂದು ವಾದಿಸಿದವನೂ ಆತನೇ. ಹಾಗೆ ಗೀರು ಕೊರೆದ ಕೋವಿಯೇ ರೈಫಲ್. ರಾಬಿನ್ಸ್ ಕೊನೆಗೆ ಕಂಪೆನಿಯ ಎಂಜಿನಿಯರನಾಗಿ ದಕ್ಷಿಣ ಭಾರತಕ್ಕೇ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ವೇಗ ಇಷ್ಟು ಮುಖ್ಯವಾಗಲು ಕಾರಣ ಭೂಮಿಯ ಸೆಳೆತ. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಕೆಳಗೆ ಬೀಳತೊಡಗುತ್ತದೆ, ಮರದಿಂದ ಕಳಚಿದ ಮಾವಿನಕಾಯಿಯ ಹಾಗೆ. ಸೆಕೆಂಡಿಗೆ 400 ಮೀಟರ್ ವೇಗದ ಗುಂಡು 100 ಮೀಟರ್ ಸಾಗಲು ಕಾಲು ಸೆಕೆಂಡು ಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಅಷ್ಟರಲ್ಲಿ ಅದು 30 ಸೆಂಟಿಮೀಟರ್ ಇಳಿದಿರುತ್ತದೆ. ಗುರಿಗಣ್ಣನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಆದರೆ ಮುಂದಿನ ಈಡಿನಲ್ಲಿ ವೇಗ ನೂರಕ್ಕೆ ಐದರಷ್ಟು ಕಡಿಮೆಯಾದರೆ ಗುಂಡು ಇನ್ನೂ ಮೂರು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಮೂರು ಸೆಂಟಿಮೀಟರ್ ಏನು ಮಹಾ ಎನ್ನಬಹುದು. ದೂರವನ್ನು 200 ಮೀಟರಿಗೆ ಏರಿಸಿ ನೋಡಿ. ಅದೇ ತಪ್ಪು 13 ಸೆಂಟಿಮೀಟರ್ ಆಗುತ್ತದೆ. ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟಾಗುತ್ತದೆ. ಎದೆಗೆ ಇಟ್ಟ ಗುರಿ ಕಾಲಿಗೆ ಬೀಳುವುದು ಹೀಗೆ.

ಸ್ಯಾಂಡರ್ಸನ್ ಸಾಹೇಬನ 12 ಡ್ರಾಂ

ಈ ಲೆಕ್ಕವನ್ನು ತನ್ನ ಜೀವವನ್ನೇ ಈಡಿಟ್ಟು ಕಲಿತವನು ಜಾರ್ಜ್ ಪಿ. ಸ್ಯಾಂಡರ್ಸನ್. ಹರೆಯದಲ್ಲೇ ಮೈಸೂರಿಗೆ ಬಂದು ನಾಲೆಗಳ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಈತ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದ. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯಲ್ಲಿ ಖೆಡ್ಡಾ ತೋರಿಸಿದವನೂ ಅವನೇ. ಕಾಕನಕೋಟೆಯ ಖೆಡ್ಡಾ ಪರಂಪರೆ 1971ರವರೆಗೆ ನಡೆಯಿತು.

ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳ ಬಗ್ಗೆ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸ್ಯಾಂಡರ್ಸನ್ ತನ್ನ ಕೋವಿಗಳ ವಿವರವನ್ನು ಅಡಗಿಸದೆ ಕೊಟ್ಟಿದ್ದಾನೆ. ಆನೆಗೆ ಮೊದಲು ಬಳಸಿದ್ದು 12 ಬೋರಿನ ರೈಫಲ್. ಆಮೇಲೆ ನಾಲ್ಕು ಬೋರಿನ ಒಂಟಿನಳಿಗೆ. ಕೊನೆಗೆ ನೆಲೆನಿಂತದ್ದು ನಾಲ್ಕು ಬೋರಿನ ಜೋಡುನಳಿಗೆ ಕೋವಿಗೆ. ಬೋರ್ ಎಂಬ ಅಳತೆಯೂ ತೂಕದ ಲೆಕ್ಕವೇ. ಒಂದು ಪೌಂಡ್ ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ಉಂಡೆ ಆಗುತ್ತವೋ ಅಷ್ಟು ಬೋರ್. ಹಾಗಾಗಿ ಅಂಕಿ ಸಣ್ಣದಾದಷ್ಟೂ ನಳಿಗೆ ದೊಡ್ಡದು. ನಾಲ್ಕು ಬೋರ್ ಎಂದರೆ ಒಂದೊಂದು ಗುಂಡೂ ಕಾಲು ಪೌಂಡ್, ನಮ್ಮ ಹಳೆಯ ಲೆಕ್ಕದಲ್ಲಿ ಸುಮಾರು ಹತ್ತು ತೊಲ. ಅದರ ಹಿಂದೆ 12 ಡ್ರಾಂ ಕರಿಮದ್ದು, ಅಂದರೆ ಸುಮಾರು 21 ಗ್ರಾಂ. ಕೋವಿಯ ತೂಕ 19½ ಪೌಂಡ್, ಹೆಚ್ಚುಕಡಿಮೆ ಒಂಬತ್ತು ಕಿಲೋ. ಕೋವಿ ಹಗುರವಾದರೆ ಅಷ್ಟು ಮದ್ದಿನ ಒದೆತಕ್ಕೆ ಹೊಡೆದವನೇ ಮಗುಚಿ ಬೀಳಬೇಕಾಗುತ್ತದೆ.

ಈ ಕೋವಿಯಲ್ಲಿ ನಳಿಗೆ ನುಣುಪು, ಸುರುಳಿ ಗೀರಿಲ್ಲ. ರೈಫಲ್ ಬಲ್ಲವನು ಕಡೆಗೆ ನುಣುಪು ನಳಿಗೆಯನ್ನೇ ಆರಿಸಿಕೊಂಡ! ಆನೆ ಬೇಟೆ ನಡೆಯುತ್ತಿದ್ದ ದೂರ ನೋಡಿದರೆ ಇದು ಅರ್ಥವಾಗುತ್ತದೆ. ಕಾಕನಕೋಟೆಯ ಬಿದಿರು ಮೆಳೆಯಲ್ಲಿ ಆನೆ ಕಾಣಿಸುವುದೇ ಹತ್ತು ಹದಿನೈದು ಹೆಜ್ಜೆಯ ಹತ್ತಿರಕ್ಕೆ ಬಂದಾಗ. ಅಷ್ಟು ಹತ್ತಿರದಲ್ಲಿ ಗುಂಡು ದಾರಿ ಬಿಡಲು ಸಮಯವೇ ಇಲ್ಲ. ಬೇಕಾದದ್ದು ತಲೆಬುರುಡೆಯ ಮೂಳೆಯನ್ನು ಕೊರೆದುಕೊಂಡು ಮಿದುಳಿಗೆ ಮುಟ್ಟುವ ಬಲ. ಬರೀ ಸೀಸದ ಗುಂಡು ಮೂಳೆಗೆ ಬಡಿದು ಅಪ್ಪಚ್ಚಿಯಾಗುತ್ತದೆಂದು ಆ ಕಾಲದ ಬೇಟೆಗಾರರು ಸೀಸಕ್ಕೆ ತವರ ಮುಂತಾದವನ್ನು ಬೆರೆಸಿ ಗಟ್ಟಿಮಾಡಿ ಎರಕ ಹೊಯ್ಯುತ್ತಿದ್ದರು. ಹುಲಿ, ಕಡವೆಗಳಿಗೆ ಸ್ಯಾಂಡರ್ಸನ್ ಬೇರೆ ಕೋವಿ ಇಟ್ಟುಕೊಂಡಿದ್ದ. ಕಾಡು ಯಾವುದು, ಪ್ರಾಣಿ ಯಾವುದು, ದೂರ ಎಷ್ಟು ಎಂದು ನೋಡಿ ಈಡನ್ನು ಹದಮಾಡುವುದು ಅವನ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ. ಒಬ್ಬ ಪ್ರಾಣಿಪ್ರಿಯ ಓದುಗನಿಗೆ ಇಂದು ಆ ಪುಸ್ತಕ ಮೈ ನಡುಗಿಸುತ್ತದೆ, ನಿಜ. ಆದರೆ ಗಾಯಗೊಂಡ ಪ್ರಾಣಿಯನ್ನು ಬಿಟ್ಟುಬರಬಾರದೆಂಬ ನಿಯಮ ಆ ತಲೆಮಾರಿನ ಒಳ್ಳೆಯ ಬೇಟೆಗಾರರಲ್ಲಿ ಗಟ್ಟಿಯಾಗಿತ್ತು.

ಹೊಗೆಯಿಲ್ಲದ ಮದ್ದು

ಸ್ಯಾಂಡರ್ಸನ್ 1892ರಲ್ಲಿ ಮದರಾಸಿನಲ್ಲಿ ತೀರಿಕೊಂಡ. ಅದೇ ಹೊತ್ತಿಗೆ ಅವನ ಕರಿಮದ್ದಿನ ಕಾಲವೂ ಮುಗಿಯುತ್ತ ಬಂದಿತ್ತು. 1889ರಲ್ಲಿ ಬ್ರಿಟಿಷರು ಕಂಡುಹಿಡಿದ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಸಣ್ಣ ಗುಂಡನ್ನು ಕರಿಮದ್ದಿಗಿಂತ ಬಹಳ ವೇಗವಾಗಿ ಓಡಿಸಬಲ್ಲುದಾಗಿತ್ತು. ಬೇಟೆಗಾರ ಇನ್ನು ಮದ್ದು ಸುರಿಯಬೇಕಿಲ್ಲ. ಹಿತ್ತಾಳೆಯ ತೋಟೆ ಕಾರ್ಖಾನೆಯಿಂದಲೇ ತುಂಬಿ ಬರತೊಡಗಿತು. ಅಳತೆಯ ತಲೆನೋವು ಮುಗಿಯಿತು ಎಂದುಕೊಂಡವರಿಗೆ ಭಾರತದ ಬಿಸಿಲು ಬುದ್ಧಿ ಕಲಿಸಿತು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದ ತೋಟೆ ಇಲ್ಲಿನ ಏಪ್ರಿಲ್ ಬಿಸಿಲಿಗೆ ಕಾದಾಗ ಒಳಗಿನ ಒತ್ತಡ ಏರಿ, ಖಾಲಿ ತೋಟೆ ನಳಿಗೆಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಗಾಯಗೊಂಡ ಹುಲಿ ಎದುರಿರುವಾಗ ಕೋವಿ ಬಾಯಿ ತೆರೆಯದಿದ್ದರೆ ಹೇಗಿದ್ದೀತು! ಹಾಗಾಗಿ ಕೋವಿ ತಯಾರಕರು ಉಷ್ಣದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ತೋಟೆಗಳನ್ನು ಬೇರೆಯಾಗಿ ಮಾರಿದರು. ಜೋಡುನಳಿಗೆ ರೈಫಲ್‌ಗಳಲ್ಲಿ ಇನ್ನೂ ಒಂದು ಸೂಕ್ಷ್ಮ ಇತ್ತು. ಎರಡು ನಳಿಗೆಗಳೂ ಒಂದೇ ಜಾಗಕ್ಕೆ ಗುಂಡು ಹಾಕುವಂತೆ ಒಂದು ನಿರ್ದಿಷ್ಟ ಈಡಿಗೆ ಅವನ್ನು ಬೆಸೆದು ಹೊಂದಿಸಿರುತ್ತಿದ್ದರು. ಈಡು ಬದಲಾದರೆ ಬಲನಳಿಗೆ ಒಂದು ಕಡೆ, ಎಡನಳಿಗೆ ಇನ್ನೊಂದು ಕಡೆ.

ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುವ ವಿದ್ಯೆ ಮಾತ್ರ ಸಾಯಲಿಲ್ಲ. ಬೇಟೆಗೆ ಅನುಮತಿಯಿರುವ ಅಮೆರಿಕದಂಥ ದೇಶಗಳಲ್ಲಿ ಅದು ಇಂದಿಗೂ ದೊಡ್ಡ ಹವ್ಯಾಸ. ಬಯಲಿನಲ್ಲಿ, ಬೆಟ್ಟದ ಓರೆಯಲ್ಲಿ 300, 400 ಮೀಟರ್ ದೂರದ ಜಿಂಕೆಗೆ ಗುರಿಯಿಡುವವರು ಕಾರ್ಖಾನೆಯ ತೋಟೆಯನ್ನು ನಂಬುವುದಿಲ್ಲ. ಕಾರ್ಖಾನೆ ಎಲ್ಲರ ಕೋವಿಗೂ ಹೊಂದುವಂಥದ್ದನ್ನು ಮಾಡುತ್ತದೆ, ಇವರಿಗೆ ಬೇಕಾದದ್ದು ತಮ್ಮ ಒಂದು ಕೋವಿಗೆ ಹೊಂದುವಂಥದ್ದು. ಒಮ್ಮೆ ಹಾರಿಸಿದ ಹಿತ್ತಾಳೆ ತೋಟೆಯನ್ನು ತೊಳೆದು, ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ, ಗುಂಡನ್ನು ಇಷ್ಟೇ ಆಳಕ್ಕೆ ಎಂದು ಒತ್ತಿ ಕೂರಿಸುತ್ತಾರೆ. ಮದ್ದಿನ ತೂಕದಲ್ಲಿ ಒಂದು ಗ್ರೇನಿನ ಹತ್ತನೇ ಒಂದು ಪಾಲು ಕೂಡ ಲೆಕ್ಕಕ್ಕೆ ಬರುತ್ತದೆ. ನಮ್ಮ ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ. ಇವರು ತೂಗುವ ಸೂಕ್ಷ್ಮ ಅದರ ಹದಿನೆಂಟನೇ ಒಂದು ಪಾಲಿಗಿಂತ ಹೆಚ್ಚಿಲ್ಲ.

ಈ ಹವ್ಯಾಸಿಗಳ ನಿಯಮ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮದ್ದು, ಗುಂಡು, ಆಳ ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಗುರಿ ಸುಧಾರಿಸಿದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಪ್ರಕಟಿತ ಕೋಷ್ಟಕದ ಕನಿಷ್ಠ ಮಟ್ಟದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಏರುತ್ತಾ, ಪ್ರತಿ ಹಂತದಲ್ಲೂ ಕಾಗದಕ್ಕೆ ಕೆಲವು ಗುಂಡು ಹೊಡೆದು, ಅವು ಎಷ್ಟು ಹತ್ತಿರ ಹತ್ತಿರ ಬಿದ್ದವು ಎಂದು ನೋಡುತ್ತಾರೆ. ಗುಂಡು ಹಾರುವಾಗ ನಳಿಗೆ ತಂಬೂರಿ ತಂತಿಯಂತೆ ಕಂಪಿಸುತ್ತದೆ. ಪ್ರತಿ ಗುಂಡೂ ಆ ಕಂಪನದ ಒಂದೇ ಘಟ್ಟದಲ್ಲಿ ಹೊರಬಿದ್ದರೆ ಒಂದೇ ಕಡೆ ಬೀಳುತ್ತದೆ ಎಂಬುದು ಅವರ ತರ್ಕ. ಮೂರು ಗುಂಡು ಒಂದೇ ಬೊಟ್ಟಿನಷ್ಟು ಜಾಗದಲ್ಲಿ ಬಿದ್ದಾಗ ಸಿಕ್ಕಿತು ಎಂದು ಕುಣಿಯುವವರೂ ಇದ್ದಾರೆ. ಮೂರು ಸಲ ನಾಣ್ಯ ಚಿಮ್ಮಿದಾಗ ಮೂರೂ ಸಲ ರಾಜನ ತಲೆ ಬೀಳುವುದು ಅಪರೂಪವೇನಲ್ಲ. ಹತ್ತಿಪ್ಪತ್ತು ಗುಂಡು ನೋಡದೆ ತೀರ್ಮಾನಕ್ಕೆ ಬರುವುದು ತಮ್ಮನ್ನು ತಾವೇ ನಂಬಿಸಿಕೊಂಡಂತೆ.

ಕೊಪ್ಪದ ಸೇತುವೆಯ ಎರಡು ಕಡೆ

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆಯದಿರಲು ಕಾನೂನೇ ಕಾರಣ, ಅದು ಕೆಟ್ಟ ಕಾರಣವೂ ಅಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಂಡರು. 1878ರಲ್ಲಿ ಆಯುಧ ಕಾಯ್ದೆ ಬಂತು. 1907ರ ಸುಮಾರಿಗೆ ಸೈನ್ಯದ ಅಳತೆಯ .450 ರೈಫಲ್‌ಗಳನ್ನು ಖಾಸಗಿಯವರಿಗೆ ನಿಷೇಧಿಸಿದಾಗ, ಲಂಡನ್ನಿನ ತಯಾರಕರು ಭಾರತದ ಷಿಕಾರಿಗಳಿಗೋಸ್ಕರವೇ .465, .470 ಎಂದು ಬೇರೆ ಅಳತೆಗಳನ್ನು ಹುಟ್ಟಿಸಬೇಕಾಯಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಗೆ ಕಟ್ಟುಪಾಡು ತಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ನಿಲ್ಲಿಸಿತು. ಷಿಕಾರಿಗಳು ಓಡಾಡುತ್ತಿದ್ದ ಕಾಕನಕೋಟೆಯ ಕಾಡು ಇಂದು ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಭಾಗ, ಹುಲಿ ಸಂರಕ್ಷಿತ ಪ್ರದೇಶ.

ಕೊಡಗಿನ ಕತೆ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. 2019ರ ಆದೇಶ ಅದನ್ನು 2029ರವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಪ್ರತಿ ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ತೆಂಗಿನಕಾಯಿ ಗಾಯಗೊಂಡು ಕಾಡಿಗೆ ಓಡುವುದಿಲ್ಲ ಎನ್ನುವುದೇ ಈ ಪಂದ್ಯದ ದೊಡ್ಡ ಗುಣ.

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಿಂದ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ. ಆ ಕಡೆ ವಿನಾಯಿತಿ ಇರುವ ಕುಟುಂಬಗಳು, ಈ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರು. ಚುನಾವಣೆ ಬಂದಾಗಲೆಲ್ಲ ಅವರು ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಹಿಡಿದು ಬರಬೇಕು. ಮುಸುಕಿನ ಜೋಳಕ್ಕೆ ಹಂದಿ, ಬಾಳೆಗೆ ಆನೆ ಬರುವುದಕ್ಕೆ ಚುನಾವಣೆಯ ನೀತಿಸಂಹಿತೆ ಅಡ್ಡಿಯಾಗುವುದಿಲ್ಲ ಎಂಬ ಅವರ ದೂರು ನ್ಯಾಯವಾದದ್ದೇ.

ಆದರೆ ಬೆಳೆ ಕಾಯುವ ಕೋವಿಯಲ್ಲೂ ಈಡಿನ ಪ್ರಶ್ನೆ ಇದೆ. ಆನೆಯನ್ನು ಬೆದರಿಸಲು ಗಾಳಿಗೆ ಹಾರಿಸುವುದು ಒಂದು. ರಾತ್ರಿಯ ಕತ್ತಲಲ್ಲಿ, ಭಯದಲ್ಲಿ, ನೇರ ಆನೆಯ ಮೈಗೇ ಚರೆ ಹೊಡೆಯುವುದು ಇನ್ನೊಂದು. ಸ್ಯಾಂಡರ್ಸನ್ ಹತ್ತು ತೊಲದ ಗುಂಡು ಬಳಸುತ್ತಿದ್ದ ಪ್ರಾಣಿಗೆ ಮೆಣಸಿನ ಕಾಳಿನಷ್ಟು ಚರೆ ತಾಗಿದರೆ ಅದು ಸಾಯುವುದಿಲ್ಲ. ಚರ್ಮದಡಿಯಲ್ಲಿ ಉಳಿದ ಸೀಸ ಕೀವುಗಟ್ಟುತ್ತದೆ. ನೋವಿನ ಆನೆ ಮನುಷ್ಯನನ್ನು ಕಂಡರೆ ಓಡುವುದನ್ನು ಬಿಟ್ಟು ತಿರುಗಿ ಬೀಳುವುದನ್ನು ಕಲಿಯುತ್ತದೆ. ಮರುದಿನ ಬೆಳಿಗ್ಗೆ ಹಾಲು ಹಾಕಲು ಹೊರಟವನಿಗೋ ಕೂಲಿಗೆ ನಡೆದು ಹೋಗುವ ಹೆಂಗಸಿಗೋ ಅದು ಎದುರಾಗುತ್ತದೆ.

ಜಿಮ್ ಕಾರ್ಬೆಟ್ 1907ರಲ್ಲಿ ಕುಮಾಂವಿನಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತು ಎಂದು ಲೆಕ್ಕ. ಅದರ ಬಲಭಾಗದ ಕೋರೆಹಲ್ಲುಗಳು ಹಿಂದೆಂದೋ ತಾಗಿದ ಗುಂಡಿಗೆ ಮುರಿದಿದ್ದವು. ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ಬಿತ್ತು ಎಂಬುದು ಕಾರ್ಬೆಟ್‌ನ ತೀರ್ಮಾನ. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ, ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕತೆಗಳಲ್ಲೂ ಇಂಥ ಹಳೆಯ ಗಾಯದ ಮಾತು ಬರುತ್ತದೆ. ಒಬ್ಬನ ತಪ್ಪು ಈಡು, ಅವನನ್ನು ಕಂಡೂ ಅರಿಯದ ನೂರಾರು ಜನರ ಮನೆಗೆ ಸಾವು ತಂದಿತು.

ಇನ್ನೊಂದು ಮದ್ದು

ಕನ್ನಡದಲ್ಲಿ ಮದ್ದು ಎಂದರೆ ಕೋವಿಗೆ ಹಾಕುವುದೂ ಹೌದು, ರೋಗಿಗೆ ಕೊಡುವುದೂ ಹೌದು. ನಾಗರಹೊಳೆಯ ಕಾಡಿನಲ್ಲಿ ಇಂದು ಸರ್ಕಾರದ ಅನುಮತಿಯೊಂದಿಗೆ ಪ್ರಾಣಿಯ ಮೈಗೆ ಗುರಿಯಿಡುವ ಕೋವಿಗಳಲ್ಲಿ ಮುಖ್ಯವಾದದ್ದು ಎರಡನೆಯ ಬಗೆಯ ಮದ್ದನ್ನು ಒಯ್ಯುತ್ತದೆ. 1990ರಲ್ಲಿ ಉಲ್ಲಾಸ ಕಾರಂತರು ಇಲ್ಲಿ ಹುಲಿಗಳಿಗೆ ರೇಡಿಯೊ ಕೊರಳಪಟ್ಟಿ ತೊಡಿಸಲು ಆರಂಭಿಸಿದಾಗ ಮೊದಲು ಅವುಗಳಿಗೆ ಅರಿವಳಿಕೆಯ ಚುಚ್ಚುಮದ್ದನ್ನು ದೂರದಿಂದಲೇ ಹೊಡೆದು ಮಲಗಿಸಬೇಕಾಗಿತ್ತು. ಪುಂಡಾನೆ ಹಿಡಿಯುವಾಗ, ಊರಿಗೆ ನುಗ್ಗಿದ ಚಿರತೆಯನ್ನು ಸಾಗಿಸುವಾಗ ಅರಣ್ಯ ಇಲಾಖೆಯ ವೈದ್ಯರು ಮಾಡುವುದೂ ಇದನ್ನೇ.

ಆ ಕೋವಿಯಲ್ಲಿ ಸಿಡಿಯುವ ಮದ್ದಿನ ಬದಲು ಸಾಮಾನ್ಯವಾಗಿ ಒತ್ತಿ ತುಂಬಿದ ಅನಿಲವಿರುತ್ತದೆ. ಸೂಜಿ ಕಟ್ಟಿದ ಕೊಳವೆ ನಿಧಾನಕ್ಕೆ ಹಾರುವುದರಿಂದ ಬೇಗ ಕೆಳಗೆ ಬಾಗುತ್ತದೆ. ಮೂವತ್ತು ನಲವತ್ತು ಮೀಟರಿನಲ್ಲೇ ರಾಬಿನ್ಸ್‌ನ ಲೆಕ್ಕವೆಲ್ಲ ಎದುರಾಗುತ್ತದೆ. ದೂರವನ್ನು ಅಳೆದು ಅದಕ್ಕೆ ತಕ್ಕಂತೆ ಒತ್ತಡ ಇಡಬೇಕು. ಒತ್ತಡ ಕಡಿಮೆಯಾದರೆ ಕೊಳವೆ ತಲುಪುವುದಿಲ್ಲ. ಹೆಚ್ಚಾದರೆ ಸೂಜಿ ಮೂಳೆಯವರೆಗೆ ಇಳಿದು ಗಾಯಮಾಡುತ್ತದೆ. ಒಳಗಿನ ಔಷಧವನ್ನು ಪ್ರಾಣಿಯ ತೂಕ ನೋಡಿ ಅಳೆಯಬೇಕು. ಆದರೆ ಕಾಡಾನೆಯನ್ನು ತಕ್ಕಡಿಯಲ್ಲಿ ನಿಲ್ಲಿಸಿದವರಿಲ್ಲ. ಎತ್ತರ, ಹೆಜ್ಜೆಯ ಸುತ್ತಳತೆ, ಮೈಕಟ್ಟು ನೋಡಿ ಅಂದಾಜು ಮಾಡುತ್ತಾರೆ. ಕಡಿಮೆಯಾದರೆ ಆನೆ ಅರೆಮಂಪರಿನಲ್ಲಿ ಮೈಲಿಗಟ್ಟಲೆ ನಡೆದು ಕೆರೆಗೋ ಕಂದಕಕ್ಕೋ ಬೀಳುತ್ತದೆ. ಹೆಚ್ಚಾದರೆ ಏಳುವುದೇ ಇಲ್ಲ. ಹೊಡೆದ ಕೂಡಲೇ ಆನೆ ಬೀಳುವುದಿಲ್ಲ ಎನ್ನುವುದು ಎಲ್ಲಕ್ಕಿಂತ ದೊಡ್ಡ ತೊಡಕು. ಔಷಧ ಏರುವ ಆ ಹತ್ತಾರು ನಿಮಿಷ ಅದು ಪೂರ್ತಿ ಎಚ್ಚರದ, ಕೆರಳಿದ ಆನೆ.

2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಚುಚ್ಚುಮದ್ದು ಹೊಡೆದ ‘ಆನೆ ವೆಂಕಟೇಶ್’ ಅದೇ ಆನೆ ತಿರುಗಿಬಿದ್ದಾಗ ಪ್ರಾಣ ಕಳೆದುಕೊಂಡರು. ಈ ಕೆಲಸದಲ್ಲಿ ರಾಜ್ಯದಲ್ಲೇ ಹೆಸರಾದ ಕೈ ಅವರದು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಪುಂಡಾನೆ ಸೆರೆಯ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ಎಂಟು ಸಲ ದಸರಾ ಅಂಬಾರಿ ಹೊತ್ತಿದ್ದ ಅವನು ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದವನು, ಸ್ಯಾಂಡರ್ಸನ್ ಖೆಡ್ಡಾ ನಡೆಸಿದ ಕಾಡಿನ ನೆರೆಯವನು.

ಇಂಥ ಕಾರ್ಯಾಚರಣೆಗೆ ಹೊರಡುವ ವೈದ್ಯರ ಪೆಟ್ಟಿಗೆಯಲ್ಲಿ ಎರಡು ಬಗೆಯ ಮದ್ದು ಇರುತ್ತದೆ. ಮೊದಲನೆಯದು ಆನೆಯನ್ನು ಮಂಪರಿಗೆ ತರುವುದಕ್ಕೆ. ಎರಡನೆಯದು ಆ ಮಂಪರನ್ನು ಇಳಿಸುವುದಕ್ಕೆ. ಅದನ್ನೂ ಅಳೆದು ಸಿದ್ಧಮಾಡಿಕೊಂಡ ಮೇಲೆಯೇ ಕೋವಿಯನ್ನು ಭುಜಕ್ಕೆ ಏರಿಸುತ್ತಾರೆ.